ಇಪ್ಪತ್ತಾರು ನಿಮಿಷ ಮುಂಚೆ

ಬಟ್ಟಲಿನ ನೂಡಲ್ಸ್ ಇನ್ನೂ ಬಿಸಿಯಾಗಿತ್ತು. ತಿನ್ನಬೇಕಿದ್ದ ಮುದುಕ ಕುವಾತಾ ಮೇಜಿಗೆ ತಲೆಯಾನಿಸಿ ಸತ್ತಿದ್ದರು. ಹಿಂದಲೆಗೆ ಕಬ್ಬಿಣದ ಕೆಟಲಿನ ಏಟು ಬಿದ್ದಿತ್ತು. ಸಪ್ಪೊರೊ ರೈಲು ನಿಲ್ದಾಣದ ಎದುರಿಗೇ ಅವರ ಅಂಚೆಚೀಟಿ ಅಂಗಡಿ. ಜನವರಿಯ ಮಧ್ಯಾಹ್ನ ಒಂದು ಹತ್ತಕ್ಕೆ, ಊಟ ಮುಗಿಸಿ ಬಂದ ಸಹಾಯಕಿ ಮಿನೆಕೊ ಪೊಲೀಸರಿಗೆ ಫೋನ್ ಮಾಡಿದಳು.

ಹನ್ನೆರಡು ಐವತ್ತಕ್ಕೆ ನೂಡಲ್ಸ್ ತಂದವನ ಜೊತೆ ಮುದುಕ ಹರಟಿದ್ದರು. ಕೊಲೆ ನಡೆದದ್ದು ಆಮೇಲಿನ ಇಪ್ಪತ್ತು ನಿಮಿಷದಲ್ಲಿ. ಮಿನೆಕೊ ಊಟ ಮಾಡಿದ್ದನ್ನು ಕಂಡವರಿಲ್ಲ. ಅವಳನ್ನೇ ಹಿಡಿದು ತಂದರು.

*

ಎರಡನೆಯ ದಿನ, ಮೂರು ಗಂಟೆ. ಐದಕ್ಕೆ ಮಿನೆಕೊಳನ್ನು ಸರ್ಕಾರಿ ವಕೀಲರಿಗೆ ಒಪ್ಪಿಸಬೇಕು. ಇನ್‌ಸ್ಪೆಕ್ಟರ್ ನತ್ಸುಮಿಗೆ ಸಮಾಧಾನವಿರಲಿಲ್ಲ.

"ಅಂಗಡಿ ನಂಗೇ ಬರೆದುಕೊಡ್ತೀನಿ ಅಂದಿದ್ರು ಯಜಮಾನ್ರು," ಎಂದು ಮಿನೆಕೊ ಅತ್ತಿದ್ದಳು. "ಅವರನ್ನ ನಾನ್ಯಾಕೆ ಹೊಡೀಲಿ?"

ಹಾಗಾದರೆ ಅಂಗಡಿ ಕಳೆದುಕೊಳ್ಳುವವನು ಮುದುಕನ ಒಬ್ಬನೇ ವಾರಸುದಾರ, ಅಣ್ಣನ ಮಗ ಶುಜಿ. ಆದರೆ ಅವನು ಬಂದದ್ದು ಸಾವಿರದ ನಾನೂರು ಕಿಲೋಮೀಟರ್ ದೂರದ ಫುಕುವೊಕಾದಿಂದ. ವಿಮಾನ ಹತ್ತಕ್ಕೆ ಬಿಟ್ಟು ಹನ್ನೆರಡು ಇಪ್ಪತ್ತಕ್ಕೆ ಇಳಿಯುತ್ತದೆ. ಅಲ್ಲಿಂದ ರೈಲು ಹಿಡಿದು ಅಂಗಡಿ ತಲುಪುವಾಗ ಒಂದು ಇಪ್ಪತ್ತಾದರೂ ಆಗಬೇಕು.

ಅವನ ಹಿಂತಿರುಗುವ ಟಿಕೆಟ್ಟೂ ಕಡತದಲ್ಲಿತ್ತು. ನತ್ಸುಮಿ ಅದನ್ನು ತಿರುಗಿಸಿ ನೋಡಿದಳು.

"ಒಗಾತಾ, ಬರೋಕೆ ಎರಡು ಗಂಟೆ ಇಪ್ಪತ್ತು ನಿಮಿಷ. ಹೋಗೋಕೆ ಎರಡೂ ಮುಕ್ಕಾಲು. ದಾರಿ ಒಂದೇ ಅಲ್ವಾ?"

"ಗಾಳಿ ಮೇಡಂ," ಎಂದ ಸಹೋದ್ಯೋಗಿ ಒಗಾತಾ. "ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಜೋರು. ಬರುವಾಗ ಬೆನ್ನಿಗೆ ತಳ್ಳುತ್ತೆ, ಹೋಗುವಾಗ ಎದೆಗೆ ಗುದ್ದುತ್ತೆ. ಫುಕುವೊಕಾ ನಮ್ಮತ್ತೆ ಊರು. ಅಲ್ಲಿಗೆ ಹೋಗೋದು ಯಾವಾಗಲೂ ನಿಧಾನವೇ."

"ನಿನ್ನೆ ಗಾಳಿ ಇನ್ನೂ ಜೋರಾಗಿದ್ದಿದ್ರೆ? ವಿಮಾನ ನಿಜಕ್ಕೂ ಎಷ್ಟಕ್ಕೆ ಇಳೀತು? ಯಾರು ಕೇಳಿದ್ರು?"

"ವೇಳಾಪಟ್ಟೀಲಿ ಇತ್ತಲ್ಲ..."

ಅವನು ಶುಜಿಯ ಹೇಳಿಕೆಯನ್ನು ಅವಳ ಮುಂದೆ ಸರಿಸಿದ. ಹೇಳಿಕೆಯಲ್ಲಿದ್ದದ್ದು ನತ್ಸುಮಿಯದೇ ಕೈಬರಹ. ರೈಲು ಒಂದು ನಿಮಿಷ ತಡವಾದರೂ ಕ್ಷಮೆ ಕೇಳುವ ಊರಿದು. ವೇಳಾಪಟ್ಟಿಯ ಹೊತ್ತನ್ನೇ ನಡೆದ ಹೊತ್ತೆಂದು ಅವಳು ಬರೆದಿದ್ದಳು. ಫೋನ್ ಎತ್ತಿಕೊಂಡಳು.

*

"ಎಷ್ಟು ಸಲ ಹೇಳಲಿ ಮೇಡಂ? ಹನ್ನೆರಡು ಇಪ್ಪತ್ತಕ್ಕೇ ಇಳಿದದ್ದು," ಎಂದ ಶುಜಿ, ವಿಚಾರಣೆ ಕೋಣೆಯಲ್ಲಿ ಕೂತು.

"ಹನ್ನೊಂದು ಐವತ್ನಾಲ್ಕಕ್ಕೆ. ವಿಮಾನ ನಿಲ್ದಾಣದವರು ಈಗಷ್ಟೇ ಹೇಳಿದ್ರು. ಇಪ್ಪತ್ತಾರು ನಿಮಿಷ ಮುಂಚೆ ಬಂದ್ವಿ ಅಂತ ಪೈಲಟ್ ಮೈಕಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದ್ರಂತೆ. ನೀವು ತಟ್ಟಲಿಲ್ವಾ?"

"ನಿದ್ದೆ ಬಂದಿತ್ತು."

"ಇಳಿದ ಮೇಲೂ ಗಡಿಯಾರ ನೋಡಲಿಲ್ವಾ? ಬೇರೆ ಯಾರಾದ್ರೂ ಆಗಿದ್ರೆ ಬೇಗ ಬಂದ್ವಿ ಅಂತ ಊರಿಗೆಲ್ಲ ಹೇಳ್ತಿದ್ರು. ಮುಚ್ಚಿಟ್ಟವರು ನೀವೊಬ್ಬರೇ. ರೈಲಿನ ಕಾರ್ಡ್ ಕೊಡಿ. ಹತ್ತಿ ಇಳಿದ ಹೊತ್ತೆಲ್ಲ ಅದರಲ್ಲಿರುತ್ತೆ."

ಶುಜಿಯ ಕೈ ಜೇಬಿನಲ್ಲೇ ಉಳಿಯಿತು. ಒಗಾತಾ ಕಾರ್ಡ್ ತೆಗೆದು ಯಂತ್ರಕ್ಕಿಟ್ಟ. ಸಪ್ಪೊರೊ ನಿಲ್ದಾಣದಿಂದ ಹೊರಬಿದ್ದದ್ದು: ಹನ್ನೆರಡು ಐವತ್ತೊಂದು.

"ಅಲ್ಲಿಂದ ಅಂಗಡಿಗೆ ಐದು ನಿಮಿಷ," ಎಂದಳು ನತ್ಸುಮಿ. "ನೂಡಲ್ಸಿನವನು ಆಗಲೇ ಹೋಗಿದ್ದ. ಮಿನೆಕೊ ಇನ್ನೂ ಬಂದಿರಲಿಲ್ಲ."

"ಅಂಗಡಿ ಅವಳಿಗೆ ಕೊಡಬೇಡಿ ಅಂತ ಬೇಡ್ಕೊಳ್ಳೋಕೇ ಬಂದೆ," ಎಂದ ಶುಜಿ, ತಲೆ ತಗ್ಗಿಸಿ. "ಚಿಕ್ಕಪ್ಪ ನಕ್ಕುಬಿಟ್ಟರು. ಕೈಗೆ ಕೆಟಲ್ ಸಿಕ್ತು. ಆಮೇಲೆ... ಸುಳ್ಳು ನಂದಲ್ಲ ಮೇಡಂ. ನೀವೇ ಬರೆದುಕೊಟ್ರಿ. ನಾನು ಸಹಿ ಹಾಕಿದೆ."

*

ನಾಲ್ಕು ನಲವತ್ತಕ್ಕೆ ನತ್ಸುಮಿ ತಾನೇ ಲಾಕಪ್ಪಿನ ಬೀಗ ತೆಗೆದಳು. ಸೊಂಟದವರೆಗೆ ಬಾಗಿ ನಿಂತಳು.

"ತಪ್ಪು ನನ್ನದು."

ಮಿನೆಕೊ ಕೋಟು ತೊಟ್ಟು ಹೊರಗೆ ಬಂದಳು.

"ತಲೆ ಎತ್ತಿ ಮೇಡಂ," ಎಂದಳು. "ಅಂಗಡಿ ಬೀದಿವರೆಗೂ ನನ್ನ ಜೊತೆ ನಡ್ಕೊಂಡು ಬನ್ನಿ. ಅಕ್ಕಪಕ್ಕದವರು ನೋಡಲಿ."