ಸಂಬಂಧ ಇದೆ ಅಂದ ರೆಫ್ರಿ

"ಫೈನಲ್‌ಗೆ ಆ ರೆಫ್ರಿ ಬರಲ್ವಂತೆ ಮೇಡಂ. ನಿಮ್ಮ ಟೀಮ್ ಇರೋ ಯಾವ ಮ್ಯಾಚಿಗೂ ಇನ್ಮೇಲೆ ತಮ್ಮನ್ನ ಹಾಕ್ಬೇಡಿ ಅಂದ್ರು," ಎಂದರು ಟೂರ್ನಮೆಂಟ್ ಸೆಕ್ರೆಟರಿ, ಕತ್ತು ಕೆರೆದುಕೊಳ್ಳುತ್ತ. "ಆ ಕೋಚ್ ಜೊತೆ ಸಂಬಂಧ ಇದೆ ಅಂದ್ರು. ಅವರು ನಿಮಗೆ ನೆಂಟರು ಅಂತ ಮೊದಲೇ ಹೇಳ್ಬಾರ್ದಿತ್ತಾ?"

ಆ ಎತ್ತರದ ಗಂಟುಮೋರೆ ರೆಫ್ರಿ ಕೋಚ್ ಗುಬ್ಬಿಗೆ ನೆಂಟನೂ ಅಲ್ಲ, ಇಷ್ಟನೂ ಅಲ್ಲ. ಸೆಮಿಫೈನಲ್‌ನಲ್ಲಿ "ನಿಮಗೆ ಕಣ್ಣು ಕಾಣ್ಸಲ್ವಾ" ಎಂದು ಅವಳು ಕೂಗಿದ್ದು ನಿಜ. ಅದಕ್ಕೆ ಇಲ್ಲದ ನೆಂಟಸ್ತನ ಕಟ್ಟಿ ತಪ್ಪಿಸಿಕೊಳ್ಳುವುದೇ?

ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ನೋವಾಗಿತ್ತು. ಅದಕ್ಕೊಂದು ಕಾರಣವಿತ್ತು.

ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಎಲ್ಲರಿಗಿಂತ ಕುಳ್ಳಗಿದ್ದ ಹುಡುಗಿ ಅವಳು. ಎತ್ತರದವರ ತೋಳಿನ ಕೆಳಗಿಂದ ಚೆಂಡು ಹಿಡಿದು ಪುರ್ರೆಂದು ಪಾರಾಗುತ್ತಿದ್ದಳು. ಗುಬ್ಬಿ ಎಂಬ ಹೆಸರು ಬಂದದ್ದು ಹಾಗೆ. ಕೊನೆಯ ವರ್ಷ ಒಂದು ಜಿಗಿತದಲ್ಲಿ ಕಾಲು ತಪ್ಪಾಗಿ ಊರಿತು, ಮಂಡಿಯೊಳಗೆ ಏನೋ ಪಟ್ಟೆಂದಿತು. ಅಲ್ಲಿಗೆ ಆಟ ಮುಗಿಯಿತು. "ಆಡೋಕಾಗದಿದ್ರೆ ಆಡಿಸು," ಎಂದರು ಮುದಿ ಕೋಚ್, ತಾವು ನಿವೃತ್ತರಾಗುವ ದಿನ. ಹಾಗೆ ಅದೇ ಅಂಗಳದ ಗೆರೆಯಾಚೆ ನಿಂತು ಅವಳು ಹುಡುಗಿಯರನ್ನು ಆಡಿಸತೊಡಗಿದಳು.

ಆದರೆ ಲೋಕವೆಲ್ಲ ಅವಳೊಡನೆ ಮೆಲ್ಲಗೆ ಮಾತಾಡತೊಡಗಿತ್ತು. ಅವಳು ರೇಗಿದರೂ ರೆಫ್ರಿಗಳು ಸುಮ್ಮನಿರುತ್ತಿದ್ದರು. ಪಾಪ, ಎನ್ನುತ್ತಿದ್ದರು. ಆ ಎರಡಕ್ಷರ ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಇವನೊಬ್ಬನೇ ಬೇರೆ. ಮೊದಲ ಮ್ಯಾಚಿನಲ್ಲೇ ಅವಳು ಕುಂಟುತ್ತ ಅಂಗಳಕ್ಕೆ ಕಾಲಿಟ್ಟಾಗ ಸೀಟಿ ಊದಿ, ಟೆಕ್ನಿಕಲ್ ಫೌಲ್ ಕೊಟ್ಟಿದ್ದ. "ಕೋಚ್, ಗೆರೆ ದಾಟಿದ್ರಿ." ಅಷ್ಟೇ. ಆ ದಿನ ಅವಳು ಮನೆಗೆ ಹೋಗಿ ಅತ್ತಿದ್ದಳು, ಹಗುರಾಗಿ. ಅಂಥವನೇ ಈಗ ಬೇಡ ಎಂದಿದ್ದ.

"ಏನೇ, ಮುಖ ಇಷ್ಟು ದಪ್ಪ ಮಾಡ್ಕೊಂಡಿದೀಯ?" ಎಂದು ಸಂಜೆ ಮನೆಯಲ್ಲಿ ಅಜ್ಜಿ ಕೇಳಿದರು. ಗುಬ್ಬಿ ಎಲ್ಲ ಹೇಳಿದಳು.

"ನಮ್ಮ ಕಡೆ ಅಷ್ಟು ಎತ್ತರದೋರು ಯಾರೂ ಇಲ್ಲ," ಎಂದು ಅಜ್ಜಿ ಮೊದಲು ಅದನ್ನು ಇತ್ಯರ್ಥ ಮಾಡಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ನೆಂಟ ಅಂದಿದ್ದು ಸೆಕ್ರೆಟರಿ. ಹುಡುಗ ಅಂದಿದ್ದು ಸಂಬಂಧ. ಎರಡೂ ಒಂದೇನೇ ದಡ್ಡಿ?"

ಮರುದಿನ ಮಧ್ಯಾಹ್ನ ಅವಳು ಅವನ ಕನ್ನಡಕದಂಗಡಿಗೆ ಹೋದಳು. ಹೌದು, ಅವನ ಹೊಟ್ಟೆಪಾಡು ಊರವರ ಕಣ್ಣು ಪರೀಕ್ಷೆ ಮಾಡುವುದು. ಅಂಥವನಿಗೆ ತಾನು ಏನೆಂದು ಬೈದಿದ್ದೆನೆಂದು ಹೊಸ್ತಿಲಲ್ಲೇ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಒಳಗೆ ಗೋಡೆಯ ತುಂಬ ಕನ್ನಡಕಗಳು, ಎಲ್ಲವೂ ಅವಳನ್ನೇ ನೋಡುವಂತೆ.

"ಬನ್ನಿ ಕೋಚ್. ಕಣ್ಣು ಟೆಸ್ಟ್ ಮಾಡ್ಬೇಕಾ?"

"ನಾನು ನಿಮಗೆ ಯಾವ ಕಡೆ ನೆಂಟಳು?"

ಒರೆಸುತ್ತಿದ್ದ ಗಾಜನ್ನು ಅವನು ಬಟ್ಟೆಯ ಮೇಲಿಟ್ಟ. "ನೆಂಟರು ಅಂತ ನಾನು ಹೇಳ್ಲಿಲ್ಲ. ಸಂಬಂಧ ಅಂದೆ."

"ಏನು ಸಂಬಂಧ?"

"ಸದ್ಯಕ್ಕೆ ಒಂದೇ ಕಡೇದು."

ಗಂಟುಮೋರೆ ಮೊದಲ ಸಲ ಸಡಿಲಾಗಿತ್ತು. ನಗುವಾಗಿ ಅಲ್ಲ, ಅಂಜಿಕೆಯಾಗಿ.

"ಸೆಮಿಫೈನಲ್‌ನಲ್ಲಿ ನಿಮ್ಮ ಹುಡುಗಿ ಬಿದ್ದಾಗ ನಾನು ಚೆಂಡು ನೋಡ್ಬೇಕಿತ್ತು. ನೀವು ದಡಕ್ಕನೆ ಎದ್ರಲ್ಲ, ಆ ಮಂಡಿ ತಡ್ಕೊಳತ್ತಾ ಅಂತ ನಿಮ್ಮನ್ನ ನೋಡ್ತಿದ್ದೆ. ನೀವು ಬೈದಿದ್ದು ಸರೀನೇ. ಆವತ್ತು ನಂಗೆ ಕಣ್ಣು ಕಾಣಿಸ್ಲಿಲ್ಲ."

"ಪಾಪ ಅನ್ನಿಸ್ತು, ಅಲ್ವಾ?" ಅವಳ ದನಿ ತಣ್ಣಗಿತ್ತು.

"ಪಾಪ ಅನ್ನಿಸಿದ್ರೆ ಮ್ಯಾಚ್ ಬಿಡ್ತಿರ್ಲಿಲ್ಲ ಕೋಚ್. ನಿಮ್ಮ ಕಡೇದು ಎರಡು ಫೌಲ್ ಕಾಣದ ಹಾಗೆ ಇರ್ತಿದ್ದೆ." ಅವನು ತಲೆ ತಗ್ಗಿಸಿದ. "ನೀವು ಬೇಡ ಅಂದ್ರೆ ಬೇಡ. ಆದ್ರೂ ನಿಮ್ಮ ಮ್ಯಾಚಿಗೆ ನಾನಿನ್ನು ಸೀಟಿ ಊದೋ ಹಾಗಿಲ್ಲ."

ಅಂದರೆ ತನ್ನನ್ನು ನೇರವಾಗಿ ಕಂಡಿದ್ದ ಒಂದೇ ಒಂದು ಸೀಟಿ ಹೇಗಿದ್ದರೂ ಕೈತಪ್ಪಿತು. ಪ್ರೀತಿಸುವವನೂ ನಾಳೆ ಎಲ್ಲರಂತೆ ಮೆಲ್ಲಗೆ ಮಾತಾಡತೊಡಗಿದರೆ?

"ಫೈನಲ್ ಮುಗೀಲಿ," ಎಂದಷ್ಟೇ ಹೇಳಿ ಅವಳು ಹೊರಬಿದ್ದಳು.

ಫೈನಲ್‌ನ ಬೆಳಿಗ್ಗೆ ಅವನು ಗ್ಯಾಲರಿಯ ತುತ್ತತುದಿಯಲ್ಲಿ ಕೂತಿದ್ದ. ಕೊನೆಯ ಗಳಿಗೆಯಲ್ಲಿ ಗುಬ್ಬಿಯ ಹುಡುಗಿ ಎದುರಾಳಿಯನ್ನು ತಾಕಿಕೊಂಡೇ ಚೆಂಡು ಹಾಕಿದಳು. ಬಿತ್ತು. ಆದರೆ ಹೊಸ ರೆಫ್ರಿ ಸೀಟಿ ಊದಿದ: ಫೌಲ್, ಬ್ಯಾಸ್ಕೆಟ್ ಲೆಕ್ಕಕ್ಕಿಲ್ಲ. ಒಂದು ಪಾಯಿಂಟಿನಲ್ಲಿ ಸೋಲು.

ಹುಡುಗಿಯರು "ಮೋಸ ಕೋಚ್, ಮೋಸ" ಎಂದು ಬಿಕ್ಕಿದರು. ಅಪ್ಪಅಮ್ಮಂದಿರು ಸುತ್ತುವರಿದರು. ಪಾಪ, ಅನ್ಯಾಯವಾಯ್ತು. ಸೆಕ್ರೆಟರಿಯೂ ಅದನ್ನೇ ಅಂದರು.

ಗುಬ್ಬಿ ಯಾರಿಗೂ ಉತ್ತರ ಕೊಡದೆ ಗ್ಯಾಲರಿ ಹತ್ತತೊಡಗಿದಳು. ಅವನು ಅರ್ಧ ಎದ್ದ. ಮತ್ತೆ ಕೂತ. ಅವಳೇ ಹತ್ತಿ ಬರಲಿ ಎಂದು ಕಾದ.

"ನೀವಾಗಿದ್ರೆ?" ಅವಳಿಗೆ ಏದುಸಿರು.

ಅವನು ಅವಳ ಒದ್ದೆ ಕಣ್ಣುಗಳನ್ನು ನೋಡಿದ. ಒಂದು ಸಿಹಿ ಮಾತು ನಾಲಗೆಯವರೆಗೂ ಬಂದದ್ದು ಅವಳಿಗೂ ಕಂಡಿತು.

"ನಾನೂ ಊದ್ತಿದ್ದೆ," ಎಂದ. "ನಿಮ್ಮ ಹುಡುಗಿ ಭುಜ ಕೊಟ್ಟು ತಳ್ಳಿದ್ಲು."

ಗುಬ್ಬಿ ಅವನ ಪಕ್ಕ ಕುಸಿದು ಕೂತಳು. ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಅಳು ಈಗ ಬಂತು. "ಒಂದು ಸುಳ್ಳು ಹೇಳೋಕಾಗ್ತಿರ್ಲಿಲ್ವಾ ನಿಂಗೆ?"

ಆ 'ನಿಂಗೆ' ಅವನಿಗೆ ಕೇಳಿಸಿತು.

"ನಿಂಗೆ ಹೇಳೋಕಾಗಲ್ಲ."

ಅವಳು ಕಣ್ಣೊರೆಸಿಕೊಂಡಳು. "ಹುಡುಗೀರಿಗೆ ಹೇಳ್ಬೇಕು, ಅದು ಫೌಲೇ ಅಂತ. ಬೈಕೋತಾವೆ."

"ಈಗ್ಲೇನಾ?"

"ಈಗ್ಲೇ." ಎದ್ದು ನಿಂತಳು, ಮೆಟ್ಟಿಲುಗಳನ್ನು ನೋಡಿದಳು. "ಹತ್ತೋವಾಗ ಏನಿಲ್ಲ ಕಣೋ. ಇಳಿಯೋವಾಗ್ಲೇ ನೋಯೋದು," ಎಂದು ಅವಳೇ ಕೈ ಚಾಚಿದಳು.