ಕೈ ಕಾಣುವಷ್ಟು ದೂರ

ಆ ಸೋಮವಾರ ಬೆಳಿಗ್ಗೆ ಬಡಗಿ ಮೇಷ್ಟ್ರು ಅವಳನ್ನು ಹೆಸರಿನಿಂದ ಕರೆಯಲಿಲ್ಲ.

ಅಂಗಳದಾಚೆ, ಮರಗೆಲಸದ ಕೋಣೆಯ ಕಿಟಕಿಯಲ್ಲಿ ನಿಂತು ಕೈಯಾಡಿಸಿದ: ‘ಹೊಸ ಟೀಚರ್, ನಿಮ್ಮ ಕಾಗದ ಇಲ್ಲಿದೆ. ಬಂದು ತಗೊಂಡು ಹೋಗಿ.’

ಹೊಸ ಟೀಚರ್! ಮೂರು ವರ್ಷದ ಮೇಲೆ!

ಈಚೆ ಕಿಟಕಿಯಲ್ಲಿ, ಗಣಿತದ ಟೀಚರಾದ ಅವಳ ಬೆರಳುಗಳ ನಡುವೆ ಸೀಮೆಸುಣ್ಣ ಎರಡು ತುಂಡಾಯಿತು.

ಕಿವುಡ ಮಕ್ಕಳ ಆ ಶಾಲೆಯಲ್ಲಿ ಹೆಸರೆಂದರೆ ಹಾಜರಿ ಪುಸ್ತಕದಲ್ಲಿ ಇರುವುದಲ್ಲ, ಕೈಯಲ್ಲಿ ಇರುವುದು. ಕಿವಿ ಕೇಳುವವರು ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ, ಬೇಡಿ ಪಡೆಯುವಂತೆಯೂ ಇಲ್ಲ. ಕೇಳದವರು ನಿಮ್ಮನ್ನು ಒಂದಷ್ಟು ಕಾಲ ನೋಡಿ, ತೂಗಿ, ಇವರು ನಮ್ಮವರು ಎನ್ನಿಸಿದ ದಿನ ಕೊಡುತ್ತಾರೆ. ಹನ್ನೊಂದು ವರ್ಷದಿಂದ ಶಾಲೆಯನ್ನು ಆಳುತ್ತಿರುವ ಕಾರ್ಯದರ್ಶಿಗೆ ಇನ್ನೂ ಅಂಥದೊಂದು ಹೆಸರು ಸಿಕ್ಕಿಲ್ಲ. ಮಕ್ಕಳ ಕೈಯಲ್ಲಿ ಅವರು ಬರೀ ‘ಕುರ್ಚಿ’.

ಅವಳಿಗೆ ಸಿಕ್ಕಿದ್ದು ಏಳನೇ ತಿಂಗಳಲ್ಲಿ. ಲೆಕ್ಕದ ನಡುವೆ ಸೀಮೆಸುಣ್ಣವನ್ನು ತುರುಬಿಗೆ ಸಿಕ್ಕಿಸಿಕೊಂಡು, ಆಮೇಲೆ ಅದಕ್ಕಾಗಿ ಮೇಜೆಲ್ಲ ತಡಕಾಡುವುದು ಅವಳ ಚಾಳಿ. ಬಡಗಿ ಮೇಷ್ಟ್ರು ಹುಟ್ಟಿನಿಂದಲೇ ಕಿವಿ ಕೇಳದವನು. ದೊಡ್ಡ ಮಕ್ಕಳಿಗೆ ಮರಗೆಲಸ ಕಲಿಸುವವನು. ಒಂದು ಮಧ್ಯಾಹ್ನ ಅವಳ ಹುಡುಕಾಟವನ್ನು ಕಿಟಕಿಯಿಂದ ನೋಡಿ ನೋಡಿ ಸಾಕಾಗಿ, ಬೆರಳನ್ನು ತನ್ನ ತಲೆಯ ಹಿಂದಕ್ಕೆ ಚುಚ್ಚಿ ಅರ್ಧ ತಿರುವಿ ತೋರಿಸಿದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅದೇ ಅವಳ ಹೆಸರು.

ಅವನ ಹೆಸರು ಇನ್ನೂ ಚೆಂದ. ಅಂಗೈ ಮೇಲಿನ ಮರದ ಪುಡಿಯನ್ನು ಒಮ್ಮೆ ಮೆಲ್ಲಗೆ ಊದಬೇಕು, ಅಷ್ಟೇ.

“ಏನಮ್ಮಾ, ಬೆಳಬೆಳಿಗ್ಗೇನೇ ಅಂಗಳದಾಚೆಗೆ ಮುತ್ತು ಹಾರಿಸ್ತಿದ್ದೀಯಾ?” ಎಂದು ಆಫೀಸಿನ ಕ್ಲರ್ಕ್ ಅಕ್ಕ ಒಮ್ಮೆ ಅವಳನ್ನು ಹಿಡಿದು ನಿಲ್ಲಿಸಿದ್ದರು.

“ಅಯ್ಯೋ, ಹೆಸರು ಕರೆದೆ ಅಕ್ಕಾ!”

“ನಮ್ಮನೆಯವರಿಗೂ ಇಂಥದೇ ಒಂದು ಇಡ್ಬೇಕು ನೋಡು. ಊದಿದ್ರೆ ಹಾರಿ ಹೋಗೋ ಹಾಗೆ.”

ಎರಡು ಕಿಟಕಿಗಳ ನಡುವೆ ಅಂಗಳ. ಕೂಗಿದರೆ ಕೇಳದಷ್ಟು ದೂರ. ಆದರೆ ಕೈ ಕಾಣುವಷ್ಟು ಹತ್ತಿರ. ಬೇರೆ ಶಾಲೆಯಲ್ಲಾಗಿದ್ದರೆ ಅಷ್ಟು ದೂರದಲ್ಲಿ ಇಬ್ಬರು ಬರೀ ನೋಡಬಹುದಿತ್ತು. ಇಲ್ಲಿ ಅವರು ದಿನವಿಡೀ ಮಾತಾಡಿದರು.

‘ನಿನ್ನ ಕೈ ಇವತ್ತೂ ತೊದಲ್ತಾ ಇದೆ.’

‘ನಿನ್ನ ಶರ್ಟಿನ ಗುಂಡಿ ಇವತ್ತೂ ಹೆಚ್ಚುಕಮ್ಮಿ ಆಗಿದೆ.’

‘ಬೇಕಂತಲೇ ಹಾಗೆ ಹಾಕ್ದೆ. ನೋಡ್ತೀಯೋ ಇಲ್ವೋ ಅಂತ.’

ಅವಳು ತಟ್ಟನೆ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದಳು. ಬೋರ್ಡಿಗೆ ಮುಖ ಮಾಡಿದರೆ ಅವನ ಮಾತು ನಿಂತುಹೋಗುತ್ತದೆ. ಎಂಥ ಅನುಕೂಲ! ಆದರೆ ಒಂದು ನಿಮಿಷಕ್ಕಿಂತ ಹೆಚ್ಚು ಹಾಗೆ ನಿಲ್ಲಲು ಅವಳಿಂದ ಒಂದು ದಿನವೂ ಆಗಲಿಲ್ಲ.

ಕೈಯ ಭಾಷೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ಎದುರಿನವರ ಎದೆಯ ಕಡೆ ಬೆರಳು ತೋರಿದರೆ ಮುಗಿಯಿತು. ಮೊದಲ ವರ್ಷ ಅವಳು ಆ ಬೆರಳನ್ನು ಮನಸ್ಸಿನಲ್ಲಿ ‘ನೀವು’ ಎಂದು ಓದಿಕೊಂಡಳು. ಎರಡನೇ ವರ್ಷ ಯಾವಾಗಲೋ ‘ನೀನು’ ಎಂದು ಓದತೊಡಗಿದಳು. ಇಷ್ಟು ದೊಡ್ಡ ಸುದ್ದಿ ಅವನಿಗೆ ತಿಳಿಯಲೇ ಇಲ್ಲ.

ಈ ಸೋಮವಾರ ಆ ಬೆರಳು ಮತ್ತೆ ‘ನೀವು’ ಆಗಿತ್ತು.

ಬರುವ ಭಾನುವಾರ ಅವಳು ವಿಮಾನ ಹತ್ತಬೇಕಿತ್ತು. ಸಮುದ್ರದಾಚೆಯ ದೇಶ, ಅಲ್ಲಿಯೂ ಕಿವುಡ ಮಕ್ಕಳದೇ ಶಾಲೆ, ಎರಡು ವರ್ಷದ ಕರಾರು. ಇಲ್ಲಿ ಅವಳದು ತಾತ್ಕಾಲಿಕ ಹುದ್ದೆ. ಪ್ರತಿ ಬೇಸಿಗೆಯಲ್ಲೂ ಕುರ್ಚಿಯ ಮುಂದೆ ಕೈಕಟ್ಟಿ ನಿಂತು ಇನ್ನೊಂದು ವರ್ಷ ಬೇಡಬೇಕು. ಮನೆಯೆಂದರೆ ಅಣ್ಣನ ಮನೆ, ನಡುಮನೆಯ ಮೂಲೆಯಲ್ಲೊಂದು ಮಡಚುವ ಮಂಚ. ತನ್ನದೇ ಬಾಗಿಲಿರುವ ಒಂದು ಕೋಣೆಯ ಆಸೆಗೆ ಅವಳು ಸಹಿ ಹಾಕಿದ್ದಳು. ‘ಬೇಡ, ಹೋಗಬೇಡ’ ಎಂದು ಅವನು ಒಮ್ಮೆ ಕೈಯಾಡಿಸಿದ್ದರೆ ನಿಂತುಬಿಡುತ್ತಿದ್ದಳೇನೋ. ಅವನು ಹಾಗೆ ಹೇಳಲಿಲ್ಲ. ‘ಹೋಗು, ಅಲ್ಲಿನ ಮಕ್ಕಳಿಗೂ ಒಬ್ಬಳು ತೊದಲು ಟೀಚರ್ ಬೇಡ್ವಾ?’ ಎಂದು ನಕ್ಕ. ಅವಳ ಸರ್ಟಿಫಿಕೇಟುಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತೇನೆಂದ; ಅವು ಏಜೆನ್ಸಿಯಲ್ಲಿದ್ದುದರಿಂದ ಅಳತೆಗೆ ಕರಾರಿನ ಕಾಗದಗಳನ್ನೇ ಇಸಿದುಕೊಂಡ.

ಈಗ ಹೊರಡುವ ಹೊತ್ತಿಗೆ ಮುನಿಸು ಬಂದಿದೆ ಎಂದುಕೊಂಡು, ಒಳಗೊಳಗೇ ಒಂಚೂರು ಖುಷಿಯಿಂದಲೇ, ಅವಳು ಅಂಗಳ ದಾಟಿದಳು.

ಪೆಟ್ಟಿಗೆ ಮುಗಿದಿತ್ತು. ಒಂದೂ ಮೊಳೆಯಿಲ್ಲ, ಮೂಲೆಗಳು ಹೆಣೆದ ಬೆರಳುಗಳಂತೆ ಒಂದರೊಳಗೊಂದು ಕೂತಿದ್ದವು. ಅದರ ಮೇಲೆ ಕರಾರು, ಕೊನೆಯ ಪುಟ ಮೇಲಾಗಿ.

‘ಸಿಟ್ಟಾ?’ ಎಂದು ಕಣ್ಣಲ್ಲೇ ಕೇಳಿದಳು.

ಅವನು ಪುಟದ ಮೇಲೆ ಬೆರಳಿಟ್ಟ. ಬಡಗಿಯ ಚಪ್ಪಟೆ ಪೆನ್ಸಿಲಿನಿಂದ ಒಂದು ಸಾಲಿನ ಕೆಳಗೆ ದಪ್ಪ ಗೀಟು. ‘ಅನುಬಂಧ ಮೂರು, ಕಲಮು ಹದಿನಾಲ್ಕು: ತರಗತಿಯಲ್ಲಿ ಶಿಕ್ಷಕರು ಕೈಸನ್ನೆಯನ್ನು ಬಳಸತಕ್ಕದ್ದಲ್ಲ. ಮಕ್ಕಳು ಬಳಸಿದಲ್ಲಿ ಶಿಕ್ಷಕರು ಅವರ ಕೈಗಳನ್ನು ತಡೆಯತಕ್ಕದ್ದು.’

ಅದರ ಕೆಳಗೆ ಅವಳದೇ ಸಹಿ. ಚೆಂದವಾಗಿ, ಬಾಲ ಎಳೆದು.

‘ನಾನು... ಇದು ನಾನು ನೋಡಿರ್ಲಿಲ್ಲ.’

‘ಗೊತ್ತು.’

‘ಎಲ್ಲಾ ಪುಟಕ್ಕೂ ಸಹಿ ಹಾಕಿ ಅಂದ್ರು. ಹಾಕ್ತಾ ಹೋದೆ.’

‘ಗೊತ್ತು.’ ಅವನು ಎದ್ದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ. ಆಮೇಲೆ ಬಿಚ್ಚಿ ಹೇಳಿದ: ‘ಆರು ವರ್ಷದವನು ನಾನು. ಮಾತು ಕಲಿಸೋ ಪೀರಿಯಡ್ಡು. ಯೂನಿಫಾರಂ ಬೆಲ್ಟಿನಿಂದ ಕೈಯನ್ನ ಹಿಂಗೆ ಕಟ್ತಿದ್ರು. “ಅ” ಅನ್ನು ಅಂತಿದ್ರು. ಮೂತ್ರಕ್ಕೆ ಹೋಗ್ಬೇಕು ಅಂತ ಹೇಳೋಕೂ ಕೈ ಬೇಕಲ್ಲ? ಚಡ್ಡಿಯಲ್ಲೇ ಆಗ್ತಿತ್ತು. ಅದಕ್ಕೂ ಹೊಡೀತಿದ್ರು. ಕಟ್ತಿದ್ದ ಟೀಚರ್ ಕೆಟ್ಟವರೇನಲ್ಲ. ಮುಖ ತುಂಬಾ ನಗು, ನಿನ್ನ ಹಾಗೇ. ಅವರೂ ಎಲ್ಲೋ ಸಹಿ ಹಾಕಿದ್ರೇನೋ.’

ಬಾಯಿಲ್ಲದವರ ಬಾಯಿ ಮುಚ್ಚಿಸಲು ಕಾಗದಕ್ಕೆ ಕೋಲು ಬೇಡ. ಸೌಮ್ಯವಾದ ಒಂದು ಸಾಲು ಸಾಕು, ಕೊನೆಗೆ ‘ತಕ್ಕದ್ದು’ ಎಂದಿದ್ದರೆ ಆಯಿತು. ಕೆಳಗೆ ಒಬ್ಬ ಒಳ್ಳೆಯ ಹೆಣ್ಣುಮಗಳ ಸಹಿ ಇದ್ದರೆ ಇನ್ನೂ ಒಳ್ಳೆಯದು.

‘ನಿನಗೆ ಓದೋ ದರ್ದು ಬರಲಿಲ್ಲ,’ ಎಂದ ಅವನು. ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ‘ನಿನ್ನ ಕೈ ಯಾರೂ ಯಾವತ್ತೂ ಕಟ್ಟಿಲ್ಲ. ಅದಕ್ಕೇ.’

ಪೆಟ್ಟಿಗೆಯನ್ನು ಅವಳ ತೋಳಿಗಿಟ್ಟು, ಕಿಟಕಿಯ ಕಡೆ ತಿರುಗಿಬಿಟ್ಟ. ಅವನ ಬೆನ್ನಿನ ಜೊತೆ ಮಾತಾಡುವ ಭಾಷೆ ಅವಳಿಗೆ ಬರುತ್ತಿರಲಿಲ್ಲ.

ಮಂಗಳವಾರ ರಜೆ ಹಾಕಿ, ಆ ದೇಶಕ್ಕೆ ಅವಳನ್ನು ಕಳಿಸುತ್ತಿದ್ದ ಏಜೆನ್ಸಿಗೆ ಹೋದಳು. ಗಾಜಿನ ಕ್ಯಾಬಿನ್ನಿನಲ್ಲಿದ್ದ ಮ್ಯಾನೇಜರ್ ಹೆಂಗಸು ಕಂಪ್ಯೂಟರಿನಿಂದ ತಲೆಯೆತ್ತಿದರು.

“ವೀಸಾ ಆಗಿದೆ, ಟಿಕೆಟ್ ಆಗಿದೆ. ಈಗ ಬಂದು ಬೇಡ ಅಂದ್ರೆ ಹೇಗಮ್ಮಾ?”

“ಅನುಬಂಧ ಮೂರು ಓದಿದ್ದೀರಾ ಮೇಡಂ?”

“ಅದನ್ನ ಯಾರು ಓದ್ತಾರೆ? ಅದಿರೋದು ಸಹಿಗೆ.”

“ಹದಿನಾಲ್ಕನೇ ಕಲಮು ತೆಗೆಸಿಕೊಡಿ. ಭಾನುವಾರ ಹೋಗ್ತೀನಿ.”

ಆಕೆ ಫೋನ್ ತೆಗೆದುಕೊಂಡು ಹೊರಗೆ ಹೋದರು. ಕಾಲು ಗಂಟೆಯ ಮೇಲೆ ಬಂದು ತಲೆಯಾಡಿಸಿದರು. “ಆಗಲ್ಲವಂತೆ. ಅದು ಅವರ ಪದ್ಧತಿಯಂತೆ, ಮಕ್ಕಳ ಒಳ್ಳೇದಕ್ಕೇ ಅಂತೆ.” ಆಮೇಲೆ ಒಂದು ಫಾರಂ ಮುಂದೆ ಸರಿಸಿದರು. ಕರಾರಿನಿಂದ ಹಿಂದೆ ಸರಿಯಲು ಕಾರಣ: ಅನಾರೋಗ್ಯ, ಮದುವೆ, ಇತರೆ. ಪ್ರತಿಯೊಂದರ ಮುಂದೆಯೂ ಪುಟ್ಟ ಚೌಕ.

“ಮದುವೆ ಅಂತ ಟಿಕ್ ಹಾಕಿ, ಯಾವ ರಗಳೆಯೂ ಇಲ್ಲ. ಹುಡುಗೀರೆಲ್ಲಾ ಅದನ್ನೇ ಹಾಕೋದು. ಇತರೆ ಅಂದ್ರೆ ಮೂರು ವರ್ಷ ನಿಮ್ಮ ಹೆಸರು ಕಪ್ಪುಪಟ್ಟಿಗೆ ಹೋಗುತ್ತೆ. ಯಾವ ದೇಶಕ್ಕೂ ಹೋಗೋ ಹಾಗಿಲ್ಲ.”

ಆ ಎರಡನೇ ಚೌಕವನ್ನು ಅವಳು ಬಹಳ ಹೊತ್ತು ನೋಡಿದಳು. ಅದರಲ್ಲೊಂದು ಸುಳ್ಳು ಹಾಕಿದರೆ ನಾಳೆ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ಆದರೆ ಆ ಚೌಕ ಅವಳ ಪಾಲಿಗೆ ಸುಳ್ಳು ಹಾಕುವ ಜಾಗವಾಗಿರಲಿಲ್ಲ.

ಮೂರನೆಯದಕ್ಕೆ ಟಿಕ್ ಹಾಕಿ ಬರೆದಳು: ‘ಮಕ್ಕಳ ಕೈ ಹಿಡಿದು ತಡೆಯುವ ಕೆಲಸ ನಾನು ಮಾಡಲಾರೆ.’

ಅವರು ಇರಿಸಿಕೊಂಡಿದ್ದ ಸರ್ಟಿಫಿಕೇಟುಗಳನ್ನು ವಾಪಸು ಪಡೆದು, ಒಂದೊಂದಾಗಿ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡಳು.

ಮನೆಯಲ್ಲಿ ಅತ್ತಿಗೆ ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆಯುತ್ತಿದ್ದರು.

“ಅತ್ತಿಗೆ, ನಾನು ಹೋಗ್ತಿಲ್ಲ.”

“ಹೋಗ್ತಿಲ್ಲ ಅಂದ್ರೆ? ಮೂರು ಸಲ ತೂಕ ಹಾಕಿದ್ದೀನಿ ಇದನ್ನ! ನಿನ್ನ ಮೂಲೇಲಿ ಮಗಳ ಮೇಜು ಇಟ್ಟಾಯ್ತು. ನಿಮ್ಮಣ್ಣಂಗೆ ಏನಂತ ಹೇಳ್ಲಿ?”

ಅವಳು ಎಲ್ಲ ಹೇಳಿದಳು. ಅತ್ತಿಗೆ ಕೊನೆಯವರೆಗೂ ಜಿಪ್ಪನ್ನು ಬಿಡಲಿಲ್ಲ. “ಆ ಬಡಗಿ ಮೇಷ್ಟ್ರು ಗೀಟು ಹಾಕಿದ್ರಾ?” ಎಂದರು ಕೊನೆಗೆ.

“ಹೂಂ.”

“ಗೀಟು ಹಾಕೋಕೆ ಬರುತ್ತೆ. ಹೋಗ್ಬೇಡ ಅನ್ನೋಕೆ ಬರಲ್ಲ.” ಜಿಪ್ಪನ್ನು ಸರ್ರನೆ ಹಿಂದಕ್ಕೆ ಎಳೆದರು. “ನೀನೂ ಅಷ್ಟೇ. ಇಬ್ಬರಿಗೂ ಕೈ ಇರೋದು ಯಾತಕ್ಕೋ! ನಾಳೆ ಹೋಗಿ ಹೇಳು. ಮೇಜು ಬೇಕಾದ್ರೆ ಇನ್ನೊಂದು ಕಡೆ ಸರಿಸೋಣ.”

ಬುಧವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಶಾಲೆಗೆ ಬಂದರೆ, ಮರಗೆಲಸದ ಕೋಣೆಗೆ ಬೀಗ.

“ಸೋಮವಾರ ಸಂಜೇನೇ ರಾಜೀನಾಮೆ ಕೊಟ್ಟ,” ಎಂದರು ಕ್ಲರ್ಕ್ ಅಕ್ಕ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ. “ಒಂದೇ ಸಾಲು. ಒಂದು ಸಂಬಳ ಉಳಿಸೋಕೆ ಕಾರ್ಯದರ್ಶಿಗಳು ಬಾಯಿ ಬಿಟ್ಕೊಂಡು ಕಾಯ್ತಾ ಇದ್ರು, ಐದು ನಿಮಿಷಕ್ಕೆ ಮಂಜೂರು. ಹುದ್ದೇನೇ ರದ್ದು. ಹತ್ತು ಗಂಟೆ ಬಸ್ಸಿಗೆ ಹೋಗ್ತಿದ್ದಾನೆ, ಅದ್ಯಾವುದೋ ಫರ್ನಿಚರ್ ಫ್ಯಾಕ್ಟರಿಗೆ. ನಿನಗೆ ಹೇಳ್ಬೇಡಿ ಅಂತ ಚೀಟಿ ಬರೆದಿಟ್ಟ. ನೀನೇ ಹೋಗೋಳು, ಯಾಕೆ ಅಂತ.”

ಸಮುದ್ರದಾಚೆಗೆ ಕಟ್ಟಿದ್ದ ಹಗ್ಗವನ್ನು ಅವಳು ಒಂದು ಮಧ್ಯಾಹ್ನದಲ್ಲಿ ಬಿಚ್ಚಿಕೊಂಡು ಬಂದಿದ್ದಳು. ಅವನ ಒಂದೇ ಸಾಲನ್ನು ಬಿಚ್ಚಲು ಈಗ ಯಾರಿಂದಲೂ ಆಗುವಂತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಅವನು ಕಿಟಕಿಯ ಪಕ್ಕ ಕುಳಿತಿದ್ದ. ಎಂಜಿನ್ ಶುರುವಾಗಿತ್ತು. ಗಾಜಿನಾಚೆ ಅವನು, ಈಚೆ ಅವಳು. ಮೂರು ವರ್ಷದಿಂದ ಇದ್ದ ಹಾಗೆಯೇ. ಅವನು ಬೆಚ್ಚಿ ಎದ್ದು ನಿಂತ.

ಅವಳ ತೋಳುಗಳ ತುಂಬ ಪೆಟ್ಟಿಗೆ. ಕೈ ತುಂಬಿದ್ದರೆ ಅವನ ಭಾಷೆಯಲ್ಲಿ ಬಾಯಿಯಿಲ್ಲ. ಓದಿನ ಹದಿನೇಳು ವರ್ಷಗಳನ್ನು ಡೀಸೆಲ್ ಮೆತ್ತಿದ ನೆಲದ ಮೇಲೆ ಇಟ್ಟುಬಿಟ್ಟಳು.

‘ಬಿಟ್ಟೆ. ಹೋಗಲ್ಲ.’

‘ನನಗೋಸ್ಕರವಾ?’

‘ಅಲ್ಲ. ಆ ಮಕ್ಕಳಿಗೋಸ್ಕರ.’ ಗಾಜಿಗೆ ಇನ್ನೊಂದು ಹೆಜ್ಜೆ ಹತ್ತಿರವಾದಳು. ‘ಫಾರಂನಲ್ಲಿ ಮದುವೆ ಅಂತಲೂ ಒಂದು ಚೌಕ ಇತ್ತು. ತುಂಬಾ ಹೊತ್ತು ನೋಡಿದೆ. ನೋಡುವಾಗ ಮನಸ್ಸಲ್ಲಿ ನೀನೇ ಇದ್ದೆ.’

ಅವನು ಕಣ್ಣು ಮುಚ್ಚಿಕೊಂಡ. ಅವನ ಪಾಲಿಗೆ ಅದೇ ಕಿವಿ ಮುಚ್ಚಿಕೊಳ್ಳುವುದು. ಅವಳು ಗಾಜಿನ ಮೇಲೆ ತಟ್ಟಿದಳು. ಆ ಕಂಪನಕ್ಕೆ ಕಣ್ಣು ತೆರೆದ.

‘ಇಳಿ. ಕುರ್ಚಿ ಹತ್ರ ಹೋಗೋಣ. ಜಗಳ ಆಡೋಣ.’

‘ನೀನು ಹೋದ್ಮೇಲೆ ಖಾಲಿ ಕಿಟಕಿ ನೋಡ್ಕೊಂಡು ಇರೋಕಾಗಲ್ಲ ಅಂತ ನಾನೇ ಬರೆದುಕೊಟ್ಟೆ. ಕುರ್ಚಿ ಬೀಗ ಹಾಕಿ ಆಯ್ತು. ನೀನು ಒಳಗಿದ್ದು ಜಗಳ ಆಡು, ಮಕ್ಕಳಿಗೆ ನೀನು ಬೇಕು.’ ಅವನ ಬೆರಳುಗಳು ನಿಧಾನವಾದವು, ಅವಳು ಹೊಸಬಳಾಗಿದ್ದಾಗ ಹೇಳಿಕೊಡುತ್ತಿದ್ದ ಹಾಗೆ. ‘ಮತ್ತೆ... ನೀನು ಬಿಟ್ಟಿದ್ದು ನಾನು ಗೀಟು ಹಾಕಿದ್ಮೇಲೆ. ಗೀಟಿಲ್ಲದೇ ಇದ್ದಿದ್ರೆ ನೀನು ಭಾನುವಾರ ಹೊರಡ್ತಿದ್ದೆ. ಅಲ್ಲಿ ಮೊದಲನೇ ದಿನ ನೀನು ಯಾವ ಮಗುವಿನ ಕೈ ಹಿಡೀತಿದ್ದೆ ಅಂತ ನಾನು ಎರಡು ರಾತ್ರಿ ಯೋಚಿಸಿದೆ. ಪ್ರತಿಸಲ ಅದು ನನ್ನ ಕೈಯೇ ಆಗ್ತಿತ್ತು. ನಿನ್ನ ಮೇಲಿನ ಪ್ರೀತಿ ಹೋಗಿಲ್ಲ. ಅದೇ ಕಷ್ಟ.’

ಪ್ರೀತಿ! ಮೂರು ವರ್ಷ ಕಾದ ಮಾತು ಇಂಥ ಸಾಲಿನ ನಡುವೆ, ಇಂಥ ಹೊತ್ತಿನಲ್ಲಿ ಬಂದಿತ್ತು.

‘ನನಗೂ,’ ಎಂದಳು. ‘ಎರಡನೇ ವರ್ಷದಿಂದ. ನಿನಗೆ ಗೊತ್ತಾಗಲಿಲ್ಲ, ನಾನು ನಿನ್ನನ್ನ ನೀನು ಅನ್ನೋಕೆ ಶುರು ಮಾಡಿದ್ದು.’

ಅವನಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿ ಕೇಳುವಷ್ಟರಲ್ಲಿ ಬಸ್ಸು ಹೊರಟಿತು.

ಬೇರೆಯವರ ಮಾತಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಂಜಿನ್ನಿನ ಗದ್ದಲದಲ್ಲಿ, ಬೀಳ್ಕೊಡುವವರ ಕೂಗಿನಲ್ಲಿ ಯಾರ ಬಾಯಿಯೂ ಯಾರಿಗೂ ಕೇಳುತ್ತಿರಲಿಲ್ಲ. ಅವನು ಸೀಟುಗಳ ನಡುವೆ ಜನರನ್ನು ಸರಿಸುತ್ತ ಹಿಂದಿನ ಗಾಜಿಗೆ ಬಂದು ನಿಂತ. ಅವಳು ರಸ್ತೆಯ ನಡುವೆ ನಿಂತಳು.

‘ಕಾಗದ ಬರೀತೀಯಾ?’

‘ಬರೀತೀನಿ. ಈಗಲ್ಲ.’

‘ಯಾವಾಗ?’

‘ಗೊತ್ತಿಲ್ಲ. ಗುಂಡಿ ಸರಿ ಇದೆಯಾ?’

‘ಇಲ್ಲ. ಇವತ್ತೂ ಇಲ್ಲ.’

ಅವನು ನಕ್ಕನೋ, ಅತ್ತನೋ. ಮುಖ ಅಷ್ಟು ದೂರಕ್ಕೆ ಹೋಗಿಬಿಟ್ಟಿತ್ತು; ಕೈ ಇನ್ನೂ ಕಾಣುತ್ತಿತ್ತು. ಆ ಕೈ ಮೇಲೆದ್ದಿತು. ತಲೆಯ ಹಿಂದಕ್ಕೆ ಹೋಗಿ, ಒಂದು ಬೆರಳು ಚುಚ್ಚಿ, ಅರ್ಧ ತಿರುವಿತು.

ಅವಳ ಹೆಸರು.

ಅವಳು ಅಂಗೈ ಎತ್ತಿ, ಇಲ್ಲದ ಪುಡಿಯನ್ನು ಊದಿದಳು. ಅವನು ಮತ್ತೆ ಕರೆದ. ಅವಳು ಮತ್ತೆ ಊದಿದಳು. ಬಸ್ಸು ದೊಡ್ಡ ರಸ್ತೆಗೆ ಸೇರಿ ಪುಟ್ಟದಾಗುತ್ತ ಹೋಯಿತು. ಹಿಂದಿನ ಗಾಜಿನಲ್ಲಿ ಏನೋ ಇನ್ನೂ ಆಡುತ್ತಿತ್ತು. ಅದು ಹೆಸರೋ, ಬೇರೆ ಮಾತೋ, ಬರೀ ಬಿಸಿಲೋ ಎಂದು ಓದಲಾಗದಷ್ಟು ಚಿಕ್ಕದಾಗುವವರೆಗೂ ಅವಳು ಉತ್ತರ ಕೊಡುತ್ತಲೇ ನಿಂತಿದ್ದಳು.