ಗುಂಡುಕಲ್ಲಿನ ಎಂಜಲು

ಗೆರೆ ಮತ್ತೆ ಜಿಗಿಯಿತು!

ಲ್ಯಾಬಿನ ಪರದೆಯ ಮುಂದೆ ಕೂತ ಅವಳು ಹಣೆ ಹಣೆ ಚಚ್ಚಿಕೊಂಡಳು. ಕೂದಲೆಳೆಗಿಂತ ಲಕ್ಷ ಪಟ್ಟು ತೆಳ್ಳಗಿನ, ಗ್ರಾಫೀನ್ ಎಂಬ ಇಂಗಾಲದ ಹಾಳೆಯ ಸೆನ್ಸರ್ ಚಿಪ್ ಅದು. ಮೇಲೊಂದು ಹನಿ ಎಂಜಲು ಬಿಟ್ಟರೆ, ಈಗ ಹರಡುತ್ತಿರುವ ಜ್ವರದ ವೈರಸ್ ಇದ್ದರೆ ಮಾತ್ರ ಪರದೆಯ ಗೆರೆ ಏಳಬೇಕು. ಇದೋ, ಮೂರು ದಿನದಿಂದ ಆರೋಗ್ಯವಂತನ ಎಂಜಲಿಗೂ ಎಗರಾಡುತ್ತಿದೆ.

ಆ ಆರೋಗ್ಯವಂತ ಎದುರಿಗೇ ಕೂತಿದ್ದ, ವೈರಿಂಗ್ ನೋಡಿಕೊಳ್ಳುವ ಎಂಜಿನಿಯರ್. “ನನ್ನದೇ ತಗೊಳ್ಳಿ, ಗುಂಡುಕಲ್ಲಿನ ಹಾಗಿದ್ದೀನಿ” ಎಂದು ವರ್ಷದಿಂದ ದಿನಾ ಬೆಳಗ್ಗೆ ಟ್ಯೂಬಿನಲ್ಲಿ ಉಗಿದು ಕೊಡುವವನು. ಟ್ಯೂಬಿನ ಮೇಲೆ ಅವಳು ಬರೆಯುವುದೂ ‘ಗುಂಡುಕಲ್ಲು’ ಎಂದೇ. ಕೊಡುವಾಗ ಬೆರಳು ತಾಕಿದರೆ ಇಬ್ಬರೂ ಏನೂ ಆಗಿಲ್ಲವೆಂಬಂತೆ ಬೇರೆಲ್ಲೋ ನೋಡುತ್ತಿದ್ದರು.

“ನಿಮ್ಮ ವೈರಿಂಗೇ ಸರಿಯಿಲ್ಲ ಕಣ್ರೀ!”

“ಮೊದ್ಲು ಚಿಪ್ ಮೇಲೆ ನೀವು ಬಳಿದ ಕೋಟಿಂಗ್ ನೋಡ್ಕೊಳ್ಳಿ ಮೇಡಂ.” ಕಣ್ಣಲ್ಲೇ ನಕ್ಕು ಅವನು ಊಟಕ್ಕೆ ಎದ್ದು ಹೋದ.

ಸಿಟ್ಟಿಗೆ ಅವಳು ತನ್ನದೇ ಎಂಜಲನ್ನು ಹೊಸ ಚಿಪ್‌ಗೆ ಹಾಕಿದಳು. ಗೆರೆ ಕದಲಲಿಲ್ಲ. ಇನ್ನೊಂದಕ್ಕೆ ಹಾಕಿದಳು. ಕದಲಲಿಲ್ಲ. ಮತ್ತೆ ‘ಗುಂಡುಕಲ್ಲು’ ಹಾಕಿದಳು. ಜಿಗಿಯಿತು.

ಚಿಪ್ ಕೆಟ್ಟೇ ಇರಲಿಲ್ಲ. ಊರೆಲ್ಲ ಹಬ್ಬಿರುವ ಆ ಜ್ವರಕ್ಕೆ ಔಷಧಿ ಇದೆ, ಆದರೆ ಸೋಂಕು ತಗುಲಿದ ನಾಲ್ಕು ದಿನದೊಳಗೆ ಶುರುಮಾಡಬೇಕು. ಆಮೇಲೆ ಶ್ವಾಸಕೋಶವನ್ನು ಉಳಿಸುವುದು ಕಷ್ಟ. ಆ ನಾಲ್ಕರಲ್ಲಿ ಮೂರು ದಿನವನ್ನು ಅವಳು ಅವನನ್ನು ಬೈಯುತ್ತಾ, ನಿಜ ಹೇಳುತ್ತಿದ್ದ ಚಿಪ್‌ಗಳನ್ನು ಬುಟ್ಟಿಗೆಸೆಯುತ್ತಾ ಕಳೆದಿದ್ದಳು. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಆಂಬುಲೆನ್ಸ್ ಬರುವವರೆಗೆ ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಅವಳು ಹೊರಗೆ ನಿಂತು ಬಿಕ್ಕುತ್ತಿದ್ದಳು.

“ಕೊನೆಗೂ ನಿಮ್ಮ ಚಿಪ್ ಪಾಸಾಯ್ತಲ್ರೀ, ಅದಕ್ಕೆ ಅಳ್ತಾರಾ?”

“ಹಾಳಾಗಿ ಹೋಗ್ಲಿ ಚಿಪ್ಪು! ಒಂದೇ ಒಂದ್ಸಲ ಅದು ಸುಳ್ಳು ಹೇಳ್ಬಾರ್ದಾ ಅಂತ ಬೇಡ್ಕೊಂಡೆ. ನೀವಿಲ್ದೆ ನನಗಾಗಲ್ಲ. ವರ್ಷದಿಂದ ಹೇಳ್ಬೇಕು ಅಂತಿದ್ದೆ, ಬಾಯೇ ಬರ್ಲಿಲ್ಲ.”

ಅವನು ತಲೆ ತಗ್ಗಿಸಿದ. “ನನಗೂ ಅಷ್ಟೇ. ಇಲ್ದಿದ್ರೆ ಬರೀ ಉಗಿಯೋಕೆ ಅಂತ ಯಾರಾದ್ರೂ ದಿನಾ ಅರ್ಧ ಗಂಟೆ ಮುಂಚೆ ಬರ್ತಾರಾ?”

ಅಳುತ್ತಲೇ ಅವಳಿಗೆ ನಗು ಬಂತು. ಅಷ್ಟರಲ್ಲಿ ಸ್ಟ್ರೆಚರ್ ಬಂತು.

“ನಾಳೆ ಬೆಳಗ್ಗೆ ಯಾರದ್ದು ತಗೋತೀರಿ?”

“ಯಾರದ್ದೂ ಬೇಡ. ನಿಮ್ಮದೇ ಬೇಕು. ಬೇಗ ಬನ್ನಿ.”

ನಗಲು ಹೋಗಿ ಅವನು ಕೆಮ್ಮಿದ. ಈ ಒಂದು ವರ್ಷದಲ್ಲಿ ಅವನು ಕೆಮ್ಮಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.